ಒಳಗಿನ ಹಲಗೆ

ಫೈಬರ್ ದೋಣಿ ಕೊಳೆಯುವುದಿಲ್ಲ ಎನ್ನುವವರು ಉಳ್ಳಾಲದ ಕಡಲತೀರದಲ್ಲಿ ಸಿಗುತ್ತಾರೆ. ಆದರೆ ಔಟ್‌ಬೋರ್ಡ್ ಎಂಜಿನ್ ತೂಗುಹಾಕುವ ಹಿಂಬದಿಯಲ್ಲಿ, ಎರಡು ಫೈಬರ್ ಪದರಗಳ ನಡುವೆ ಇರುವುದು ಮರವೇ. ಬೋಲ್ಟಿನ ತೂತುಗಳಿಂದ ಇಳಿದ ನೀರು ಅಲ್ಲೇ ನಿಂತು ಪ್ಲೈವುಡ್ಡನ್ನು ಕೊಳೆಸುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಬೆಂಗಳೂರಿನ ಹೊಸಹಳ್ಳಿಯಲ್ಲಿ ಬಾಗಿಲು, ಕಪಾಟು ಮಾಡಿಕೊಂಡಿರುವ ನನ್ನನ್ನು ಕಳೆದ ಮೇ ತಿಂಗಳಲ್ಲಿ ಮಾವ ಊರಿಗೆ ಕರೆಸಿಕೊಂಡರು. ಸುತ್ತಿಗೆಯಿಂದ ತಟ್ಟಿದೆ. ಗಟ್ಟಿಮರದ ಸದ್ದಿಲ್ಲ, ಮಂಕು ಸದ್ದು.

"ಮೇಲೊಂದು ಪದರ ಫೈಬರ್ ಹಾಕಿಬಿಡು ಮೋನೇ. ಜೂನ್, ಜುಲೈಯಲ್ಲಿ ದೊಡ್ಡ ಬೋಟುಗಳಿಗೆ ನಿಷೇಧ. ನಾಡದೋಣಿಗೆ ಆಗಲೇ ದುಡಿಮೆ" ಎಂದರು.

ಅವರ ಆತುರ ಸುಳ್ಳಲ್ಲ. ಆದರೆ ಅಲೆಗಳ ನಡುವೆ ಎಂಜಿನ್ ಕಿತ್ತು ಬಂದರೆ ದೋಣಿಯಲ್ಲಿರುವವರ ಗತಿಯೇನು?

ಒಳಪದರ ಕೊಯ್ದು ಕಪ್ಪಾದ ಮರವನ್ನೆಲ್ಲ ಕೆರೆದು ತೆಗೆದೆವು. ಒಣಗಲು ಹತ್ತು ದಿನ ಬಿಟ್ಟೆವು. ಹೊಸ ಮೆರೈನ್ ಪ್ಲೈವುಡ್ಡಿನ ಅಂಚುಗಳಿಗೂ ತೂತುಗಳಿಗೂ ರೆಸಿನ್ ಕುಡಿಸಿ, ಕೂರಿಸಿ, ಫೈಬರ್ ಮ್ಯಾಟ್ ಹಾಸಿ ಮುಚ್ಚಿದೆವು.

ಆ ಹಲಗೆ ಇನ್ನು ಯಾರ ಕಣ್ಣಿಗೂ ಬೀಳದು. ಹೀಗೆ ಮುಚ್ಚಿಹೋಗುವ ಕೆಲಸವೇ ಕೆಲಸಗಾರನ ಕೈಗೆ ಒಪ್ಪಿಸಿದ ಅಮಾನತ್ತು. ಮಾವ ಕಡಲಿಗಿಳಿದದ್ದು ಜೂನ್ ಎರಡನೆಯ ವಾರ. ಮೊದಲ ವಾರದ ದುಡಿಮೆ ಹೋಯಿತೆಂದು ಇಂದಿಗೂ ಗೊಣಗುತ್ತಾರೆ. ಗೊಣಗಲು ಅವರಿದ್ದಾರಲ್ಲ, ಅಲ್‌ಹಮ್ದುಲಿಲ್ಲಾಹ್.