ವಿದ್ಯೆಯ ಋಣ

ದೇವನಹಳ್ಳಿಯ ವಿಮಾನನಿಲ್ದಾಣದಿಂದ ಹೊರಟವರು ಇಂದು ಒಂದು ದಿನದೊಳಗೆ ಅಮೆರಿಕವನ್ನು ತಲಪಬಲ್ಲರು. ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿಯವರು 1947ರಲ್ಲಿ ಹಡಗನ್ನೇರಿ ಅಲ್ಲಿಗೆ ಹೋದರು. ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿಯನ್ನು ಪಡೆದರು. ಸಂಶೋಧನೆಯನ್ನು ಮುಂದುವರಿಸಲು ಅವರಿಗೆ ಆಸರೆಯಾದುದು ಬಾರ್ಬರ್ ವಿದ್ಯಾರ್ಥಿವೇತನ. ಆ ವಿಶ್ವವಿದ್ಯಾಲಯದಲ್ಲಿ ಕಲಿತ ಏಷ್ಯಾದ ಮಹಿಳೆಯರು ತಾಯ್ನಾಡಿಗೆ ಮರಳಿ ಸಲ್ಲಿಸುತ್ತಿದ್ದ ಸೇವೆಯನ್ನು ಮೆಚ್ಚಿ, ಲೀವೈ ಬಾರ್ಬರ್ ಎಂಬವರು 1917ರಲ್ಲಿ ಅದನ್ನು ಸ್ಥಾಪಿಸಿದ್ದರು. ಆ ದಾನಿಯ ಆಶಯವನ್ನು ರಾಜೇಶ್ವರಿಯವರು ಹುಸಿಗೊಳಿಸಲಿಲ್ಲ. 1953ರಲ್ಲಿ ಡಾಕ್ಟರೇಟ್ ಪಡೆದು ಬೆಂಗಳೂರಿಗೆ ಹಿಂದಿರುಗಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅಲ್ಲಿಯೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ವಿವಾಹವಾಗಿ, ಅವರೊಡನೆ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯವನ್ನು ಕಟ್ಟಿದರು. ಅವರ ಮಾರ್ಗದರ್ಶನದಲ್ಲಿ 20 ಮಂದಿ ಡಾಕ್ಟರೇಟ್ ಪಡೆದರು. ಪರದೇಶದಲ್ಲಿ ಪಡೆದ ವಿದ್ಯೆಯ ಋಣವನ್ನು ಅವರು ತಮ್ಮ ಶಿಷ್ಯರ ಮೂಲಕ ತೀರಿಸಿದರು.