ಮುಳುಗಿದ ನೆಲವನ್ನು ಸಾರಿಸಿದವಳು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು ನೀರಿನಡಿಗೆ ಸರಿದವು. ಅದಕ್ಕೆ ಮೊದಲೇ ಅನೇಕ ಮನೆಗಳ ಮರಮುಟ್ಟು, ಹೆಂಚುಗಳು ಗಾಡಿಯೇರಿದ್ದವು. ಅಂಥದೊಂದು ಮನೆಯಲ್ಲಿ ಅಜ್ಜ ಕಂಬಗಳನ್ನು ಎಣಿಸಿ ಕಳುಹಿಸಿದನು. ಅಜ್ಜಿಯಾದರೋ ಮಾಡಿಲ್ಲದ ಅಡುಗೆಮನೆಯನ್ನು ಸಗಣಿಯಿಂದ ಸಾರಿಸಿ ಹೊರಬಂದಳು. ಮುಳುಗುವ ನೆಲವನ್ನು ಸಾರಿಸುವುದೇಕೆಂದು ಮೊಮ್ಮಗ ಕೇಳಿದನು.

“ಗುಡಿಸದ ಮನೆಯನ್ನು ಬಿಟ್ಟುಹೋಗಬಾರದು, ಮಗಾ.”

ತೋಟಕ್ಕೆ ಪರಿಹಾರದ ಲೆಕ್ಕವಿತ್ತು, ಇದಕ್ಕೆ ಲೆಕ್ಕವೆಲ್ಲಿ?

ಬಿರುಬೇಸಗೆಯಲ್ಲಿ ಹಿನ್ನೀರು ಬಹಳ ಇಳಿದರೆ, 1948ರ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುತ್ತದೆ. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು ಇದು! ಈಗ ವೃದ್ಧನಾಗಿರುವ ಆ ಮೊಮ್ಮಗ ಅಂಥ ವರ್ಷಗಳಲ್ಲಿ ಕೆಸರು ದಾಟಿ ಹೋಗುತ್ತಾನೆ. ತಳಪಾಯದ ಕಲ್ಲುಗಳ ನಡುವೆ ಅಜ್ಜಿಯ ಒರಳುಕಲ್ಲಿದೆ. ಅದರ ಗುಳಿಯಲ್ಲಿ ತುಂಬಿದ ಹೂಳನ್ನು ಬೆರಳಿನಿಂದ ಬಳಿದು ತೆಗೆದು, ಕಲ್ಲನ್ನು ಅಲ್ಲಿಯೇ ಬಿಟ್ಟು ಬರುತ್ತಾನೆ.