ಗಾಡಿಯ ಮೈಬಣ್ಣ

ಮಾಸಿದ ಅರಿವೆ ತೊಟ್ಟ ಮನುಷ್ಯನನ್ನು ಲೋಕ ಒಂದು ವೇಳೆ ಕ್ಷಮಿಸೀತು. ತಿನಿಸು ಮಾರುವ ಗಾಡಿಯ ಬಣ್ಣ ಮಾಸಿದರೆ ಮಾತ್ರ ಕ್ಷಮಿಸುವುದಿಲ್ಲ. ಸಂಜೆ ಐದರ ಮೇಲೆ ವಿದ್ಯಾನಗರದಲ್ಲಿ ಕಾಲಾಡಿಸುವ ಗೆಳೆಯರಿಗೆ ಇದು ಗೊತ್ತಿರಬೇಕು. ಎಲ್ಲರದೂ ಅದೇ ಕಡಲೆಹಿಟ್ಟು, ಅದೇ ಮೆಣಸಿನಕಾಯಿ, ಅದೇ ಚುರಮರಿ. ಆದರೂ ನಮ್ಮ ಹುಡುಗರ ಕಾಲುಗಳು ಹೊಳೆಯುವ ಗಾಡಿಯ ಕಡೆಗೇ ಹೊರಳುತ್ತವೆ. ಅವರನ್ನು ದೂರುವಂತಿಲ್ಲ. ಹೊರಗೆ ಸುಣ್ಣ ಉದುರುವ ಗಾಡಿಯ ಒಳಗೆ ಎಣ್ಣೆ ಎಷ್ಟು ದಿನದ್ದೋ ಎಂಬ ಸಂದೇಹ ಸಹಜವಾದುದೇ.

ನಮ್ಮ ಅವ್ವನ ಗಾಡಿ ಆ ಸಾಲಿನಲ್ಲಿ ಒಂದು. ಅದು ನಾಲ್ಕು ಗಾಲಿಯ ತಳ್ಳುಗಾಡಿಯಲ್ಲ. ಎರಡು ಗಾಲಿಯ ಕಬ್ಬಿಣದ ಚೌಕಟ್ಟು, ಮೇಲೆ ಫೈಬರಿನ ಪೆಟ್ಟಿಗೆಯಂಥ ಮೈ, ಒಂದು ಮಗ್ಗುಲಿಗೆ ಎತ್ತಿ ನಿಲ್ಲಿಸುವ ಬಾಗಿಲು, ಮುಂದೆ ಒಂದು ಕೊಂಡಿ. ಸಂಜೆಗೆ ಮಾಲಿನ ಆಟೋದ ಬೆನ್ನಿಗೆ ಬಿದ್ದು ಬರುತ್ತದೆ, ರಾತ್ರಿ ಹಾಗೆಯೇ ಹೋಗುತ್ತದೆ. ಪರದೇಶಗಳಲ್ಲಿ ಇಂಥದೇ ಪೆಟ್ಟಿಗೆಯನ್ನು ಕಾರಿನ ಹಿಂದೆ ಕಟ್ಟಿಕೊಂಡು, ಒಳಗೆ ಹಾಸಿಗೆ, ಒಲೆ ಇಟ್ಟುಕೊಂಡು, ಸಂಸಾರಸಮೇತ ಊರೂರು ಸುತ್ತುತ್ತಾರೆ. ನಮ್ಮ ಪೆಟ್ಟಿಗೆಯಲ್ಲಿ ಹಾಸಿಗೆಯಿಲ್ಲ, ಒಲೆಯುಂಟು. ಸಂಸಾರವೇನೋ ಅದರ ಮೇಲೆಯೇ ಸಾಗಿದೆ. ನನ್ನ ಕಾಲೇಜಿನ ಫೀ ಕೂಡ ಆ ಬಾಗಿಲಿನಿಂದಲೇ ಹೊರಗೆ ಬಂದದ್ದು.

ಆರು ವರ್ಷಗಳ ಹಿಂದೆ ಒಬ್ಬರು ಬಳಸಿ ಬಿಟ್ಟದ್ದನ್ನು ಕೊಂಡಾಗ ಅದು ಕುಂಕುಮದಂಥ ಕೆಂಪಗಿತ್ತು. ಆಮೇಲೆ ಅದು ಬಿಳಿಚಿಕೊಂಡದ್ದು ಯಾವಾಗ ಎಂದು ಹೇಳಲಾರೆ. ದಿನವೂ ನೋಡುವ ಮುಖಕ್ಕೆ ವಯಸ್ಸಾದದ್ದು ತಿಳಿಯುತ್ತದೆಯೇ? ಕಳೆದ ಚಳಿಗಾಲದಲ್ಲಿ ಗಾಡಿಗೆ ಆತು ನಿಂತ ಸಾಲೆಯ ಹುಡುಗನೊಬ್ಬನ ನೀಲಿ ಅಂಗಿಯ ತೋಳಿಗೆ ಬಿಳಿಯ ಪುಡಿ ಮೆತ್ತಿಕೊಂಡಿತು. ಅವನ ತಾಯಿ ಅದನ್ನು ಝಾಡಿಸುತ್ತ ಅವ್ವನ ಕಡೆಗೆ ನೋಡಿದ ನೋಟದಲ್ಲಿ ಮಾತಿನ ಅವಶ್ಯಕತೆಯಿರಲಿಲ್ಲ. ಅದೇ ತಿಂಗಳು ಪಕ್ಕದಲ್ಲಿ ಹಳದಿಯ ಹೊಸ ಗಾಡಿಯೊಂದು ಬಂದು ನಿಂತಿತು. ನಮ್ಮ ಮಿರ್ಚಿಯ ಬುಟ್ಟಿ ರಾತ್ರಿ ಒಂಬತ್ತಾದರೂ ಬರಿದಾಗದಾಯಿತು.

ಗ್ಯಾರೇಜೊಂದರಲ್ಲಿ ವಿಚಾರಿಸಿದೆವು. ಪೂರ್ತಿ ಬಣ್ಣ ಹೊಡೆಯಲು ಹದಿನೈದು ಸಾವಿರ ರೂಪಾಯಿ, ಹತ್ತು ದಿನ. ಹದಿನೈದು ಸಾವಿರವಂತೂ ಇರಲಿಲ್ಲ. ಹತ್ತು ದಿನದ ವ್ಯಾಪಾರ ಬಿಡುವುದೂ ಸುಲಭವಲ್ಲ. ಮೇಲಾಗಿ ಶಿವರಾತ್ರಿ ಇಪ್ಪತ್ತು ದಿನಕ್ಕೆ ಬಂದಿತ್ತು. ಸಿದ್ಧಾರೂಢರ ಜಾತ್ರೆಯಲ್ಲಿ ಗಾಡಿ ನಿಲ್ಲಿಸಿದರೆ ನಮಗೆ ಒಂದು ತಿಂಗಳ ಗಳಿಕೆ ಕೆಲವೇ ದಿನಗಳಲ್ಲಿ ಆಗುತ್ತದೆ. ಅವ್ವ ತನ್ನ ಅಣ್ಣನಿಗೆ ಹೇಳಿಕಳಿಸಿದಳು.

ನನ್ನ ಮಾಮಾ ಲಾರಿಗಳಿಗೆ ಬಣ್ಣ ಬರೆಯುವವನು. ಪುಣೆ-ಬೆಂಗಳೂರು ಹೆದ್ದಾರಿಯ ಹುಬ್ಬಳ್ಳಿಯಲ್ಲಿ ಲಾರಿಗಳಿಗೆ ಯಾವ ಕೊರತೆ? ಹುಲಿ, ನವಿಲು, ಕಮಲ, ಹಿಂಬದಿಯ ಹಲಗೆಯ ಅಕ್ಷರ ಎಲ್ಲವೂ ಅವನ ಕುಂಚದಿಂದ ಇಳಿಯುತ್ತಿದ್ದವು. ಯಂತ್ರದಲ್ಲಿ ಕತ್ತರಿಸಿದ ಸ್ಟಿಕ್ಕರುಗಳು ಬಂದ ಮೇಲೆ ಕರೆಯುವವರು ಕಡಿಮೆಯಾದರು. ಈಚೆಗೆ ಬಲಗೈಯೂ ಸಣ್ಣಗೆ ನಡುಗುತ್ತದೆ. ಆದರೆ ಕಣ್ಣು ಇನ್ನೂ ಹಳೆಯದೇ. ಬಂದವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಒದ್ದೆ ಅರಿವೆಯಿಂದ ಒಂದು ಮೂಲೆಯನ್ನು ಒರೆಸಿದ. ಒದ್ದೆಯಾದ ಅಂಗೈಯಗಲ ಜಾಗದಲ್ಲಿ ಹಳೆಯ ಕೆಂಪು ತಟ್ಟನೆ ಕಾಣಿಸಿಕೊಂಡಿತು. ನೀರು ಆರಿದಂತೆ ಮತ್ತೆ ಮಾಯವಾಯಿತು.

"ಬಣ್ಣ ಸತ್ತಿಲ್ಲ ತಂಗಿ, ಮ್ಯಾಲಿನ ತೊಗಲಷ್ಟ ಸತ್ತೈತಿ. ಹೊಸಾ ಬಣ್ಣ ಯಾಕ ಬೇಕು?" ಎಂದ.

ಈ ಮಾತು ನನ್ನನ್ನು ಗ್ರಂಥಾಲಯಕ್ಕೆ ಅಟ್ಟಿತು. ಬಿ.ಎ. ವಿದ್ಯಾರ್ಥಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ನಮ್ಮ ಅಧ್ಯಾಪಕರು ನಕ್ಕಾರು, ನಗಲಿ. ಫೈಬರಿನ ಗಾಡಿಗೆ ಸಾಮಾನ್ಯವಾಗಿ ಹೊರಗಿನಿಂದ ಬಣ್ಣ ಬಳಿದಿರುವುದಿಲ್ಲ. ಅಚ್ಚಿನ ಒಳಮೈಗೆ ಬಣ್ಣ ಕಲಸಿದ ರಾಳವನ್ನು ಮೊದಲು ಹಚ್ಚುತ್ತಾರೆ. ಅದಕ್ಕೆ ಜೆಲ್‌ಕೋಟ್ ಎಂದು ಹೆಸರು. ಅದರ ಬೆನ್ನಿಗೆ ಗಾಜಿನ ನಾರು ಮತ್ತು ರಾಳದ ಪದರಗಳು. ಅಚ್ಚಿನಿಂದ ಬಿಡಿಸಿದಾಗ ಮೊದಲು ಹಚ್ಚಿದ್ದೇ ಹೊರಮೈಯಾಗಿ ನಿಲ್ಲುತ್ತದೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ವರ್ಷಗಟ್ಟಲೆ ಬಡಿದು ಮೇಲಣ ರಾಳವನ್ನು ಮುರಿಯುತ್ತವೆ. ಗಾಳಿ, ಮಳೆ, ಧೂಳು ಅವಕ್ಕೆ ನೆರವಾಗುತ್ತವೆ. ಮೈ ತರಿತರಿಯಾಗಿ ಪುಡಿ ಏಳುತ್ತದೆ. ನುಣುಪಾದ ಮೈ ಕನ್ನಡಿಯಂತೆ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ತರಿಯಾದ ಮೈ ಅದನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ಆದ್ದರಿಂದ ಬಿಳಿಚಿ ಕಾಣುತ್ತದೆ. ನೀರು ಆ ಸಣ್ಣ ಗುಂಡಿಗಳನ್ನು ತುಂಬಿದಷ್ಟು ಹೊತ್ತು ಬಣ್ಣ ಮರಳಿ ಬರುತ್ತದೆ. ಮಾಮಾನ ಒದ್ದೆ ಅರಿವೆಯ ಪರೀಕ್ಷೆಯ ಗುಟ್ಟು ಇಷ್ಟೇ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವನು ಅದನ್ನು ಕೈಯಿಂದ ಕಲಿತಿದ್ದ.

ಕೆಲಸಕ್ಕೆ ಅವನು ಹಾಕಿದ ಕಟ್ಟಳೆ ಮೂರು: ಬಿಸಿಲಿನಲ್ಲಿ ಮಾಡಬಾರದು, ಒಣಗಿದ್ದಾಗ ತಿಕ್ಕಬಾರದು, ಅವಸರ ಕೂಡದು. ಬೆಳಗಿನ ಹೊತ್ತು ಬೇವಿನ ಗಿಡದ ನೆರಳಿಗೆ ಗಾಡಿಯನ್ನು ಎಳೆದುಕೊಂಡೆವು. ಮೊದಲು ಬಿಸಿನೀರು, ಪಾತ್ರೆ ತೊಳೆಯುವ ಸಾಬೂನು. ಆರು ವರ್ಷದ ಕರಿದೆಣ್ಣೆಯ ಹೊಗೆ ಬಾಗಿಲಿನ ಸುತ್ತ ಅಂಟಾಗಿ ಕೂತಿತ್ತು. ಅದರ ಮೇಲೆಯೇ ತಿಕ್ಕಿದರೆ ಜಿಡ್ಡು ಮೈಗೆಲ್ಲ ಹರಡುತ್ತದೆಂದು ಎರಡು ಸಲ ತೊಳೆಸಿದ. ಆಮೇಲೆ ವಾಟರ್ ಪೇಪರು. ಇದು ನೀರಿನಲ್ಲಿ ನೆನೆಸಿ ಬಳಸುವ ಉಜ್ಜುಗಾಗದ. ಅಂಕಿ ಏರಿದಷ್ಟೂ ತರಿ ನುಣುಪು. 800ರಿಂದ ಹಿಡಿದು, 1200, ಕೊನೆಗೆ 2000. ನೀರು ಸುರಿಯುತ್ತ ತಿಕ್ಕಿದರೆ ಪುಡಿ ಮೂಗಿಗೆ ಏರುವುದಿಲ್ಲ. ಆದರೂ ನಾವಿಬ್ಬರೂ ಮೂಗಿಗೆ ಅರಿವೆ ಕಟ್ಟಿಕೊಂಡೇ ಕೂತೆವು.

ಇಲ್ಲಿ ನೋಡಬೇಕಾದದ್ದು ಗಾಡಿಯನ್ನಲ್ಲ, ಕೆಳಗೆ ಹರಿಯುವ ನೀರನ್ನು. ಮೊದಲ ನೀರು ಮಜ್ಜಿಗೆಯಂತೆ ಬೆಳ್ಳಗೆ, ತುಸುವೇ ಗುಲಾಬಿ. ತಿಕ್ಕಿದಂತೆ ಕೆಂಪೇರುತ್ತದೆ. ಅಚ್ಚ ಕೆಂಪು ಬಂದಿತೋ, ಸತ್ತ ತೊಗಲು ಮುಗಿದು ಜೀವದ ತೊಗಲು ಹೋಗುತ್ತಿದೆ ಎಂದು ಅರ್ಥ. ಅಲ್ಲಿಗೆ ಕೈ ನಿಲ್ಲಬೇಕು. ಅಂಚು, ಮೂಲೆಗಳಲ್ಲಿ ಪದರ ಬೇಗ ಸವೆಯುತ್ತದೆಂದು ಅಲ್ಲೆಲ್ಲ ಕಾಗದದ ಪಟ್ಟಿ ಅಂಟಿಸಿದ್ದೆವು. ತಿಕ್ಕಿ ಮುಗಿದಾಗ ಗಾಡಿ ಮೊದಲಿಗಿಂತ ಮಂಕಾಗಿ ಕಂಡಿತು. ಅವ್ವನ ಮುಖವೂ ಹಾಗೆಯೇ ಆಯಿತು. ಮಾಮಾ ನಗುತ್ತ, ಹಳೆಯ ಬನಿಯನ್ನಿನ ಅರಿವೆಗೆ ರಬ್ಬಿಂಗ್ ಕಾಂಪೌಂಡು ಹಚ್ಚಿ ಮೊಳದಗಲ ಜಾಗವನ್ನು ಗುಂಡಗುಂಡಗೆ ಉಜ್ಜಿದ. ಅವ್ವ ಬಗ್ಗಿ ನೋಡಿದಾಗ ಆ ಜಾಗದಲ್ಲಿ ಅವಳ ಕುಂಕುಮ ಕಾಣಿಸಿತು.

ತೊಡಕು ಬಂದದ್ದು ಅಕ್ಷರಗಳ ಹತ್ತಿರ. ಗಾಡಿಯ ಮಗ್ಗುಲಿಗೆ ಹಳದಿ ಎನಾಮೆಲ್ ಬಣ್ಣದಲ್ಲಿ 'ಅವ್ವನ ಗಿರ್ಮಿಟ್' ಎಂದು ಬರೆದಿದ್ದವನು ಮಾಮಾನೇ, ಗಾಡಿ ಕೊಂಡ ವರ್ಷ. ಆ ಅಕ್ಷರಗಳು ಅಲ್ಲಲ್ಲಿ ಚಕ್ಕೆಯೆದ್ದಿದ್ದವು. ಒಂದು ಚಕ್ಕೆ ಹಾರಿದ ಕಡೆ ಕೆಳಗಿನ ಕೆಂಪು ನಿನ್ನೆ ಅಚ್ಚಿನಿಂದ ತೆಗೆದಂತಿತ್ತು. ಅಷ್ಟು ವರ್ಷ ಆ ಅಕ್ಷರವೇ ಅದಕ್ಕೆ ಕೊಡೆ ಹಿಡಿದಿತ್ತಲ್ಲ! ನಾವು ಉಜ್ಜಿ ತಂದ ಕೆಂಪು ಅದಕ್ಕೆ ಸಮನಾಗಲಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಹತ್ತಿರಕ್ಕೆ ಬಂದಿತು, ಅಷ್ಟೇ.

"ಈ ಅಕ್ಷರ ಎಲ್ಲಾ ತಿಕ್ಕಿ ತೆಗದಬಿಡು ಅಳಿಯಾ. ಸ್ಟಿಕ್ಕರ್ ಅಂಗಡ್ಯಾಗ ಆರನೂರಕ್ಕ ಚೆಂದಾಗಿ ಮಾಡಿ ಕೊಡ್ತಾರ" ಎಂದ ಮಾಮಾ, ಮುಖ ಆಚೆ ಮಾಡಿಕೊಂಡು.

"ನೀನ ಬರೀ ಅಣ್ಣಾ."

"ಈ ಕೈಲೇ? ಹುಬ್ಬಳ್ಳಿ ಅನ್ನೂದು ಹಳ್ಳಿ ಆದೀತು."

ಅವ್ವ ಜಗ್ಗಲಿಲ್ಲ. "ಹಂಗಾದ್ರ ಇದ್ದದ್ದ ಇರ್ಲಿ. ಅಣ್ಣ ಬರದದ್ದು ನನ್ನ ಗಾಡಿ ಮ್ಯಾಲ ಇರ್ಬೇಕು" ಎಂದು ಒಳಗೆ ಹೋದಳು. ಮಾಮಾ ಬಹಳ ಹೊತ್ತು ಬೀಡಿ ಸೇದುತ್ತ ಕೂತ. ನಾನು ಒಂದೊಂದೇ ಅಕ್ಷರದ ಸುತ್ತ ಪಟ್ಟಿ ಅಂಟಿಸಿ, ಕಡ್ಡಿಗೆ ಅರಿವೆ ಸುತ್ತಿ, ಒತ್ತು-ಗುಡಿಸುಗಳ ಸಂದಿಯಲ್ಲಿ ಉಜ್ಜಿದೆ. ಎರಡು ಬೆಳಗು ಬರೀ ಇದಕ್ಕೇ ಹೋಯಿತು. 'ರ್ಮಿ'ಯ ಅರ್ಕಾವೊತ್ತಿನಷ್ಟು ಕಾಟ ಪರೀಕ್ಷೆಯ ಯಾವ ಪ್ರಶ್ನೆಯೂ ನನಗೆ ಕೊಟ್ಟಿಲ್ಲ. ಚಕ್ಕೆಯೆದ್ದ ಕಡೆ ಬಣ್ಣ ತುಂಬುವಾಗ ಮಾಮಾ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಕುಂಚ ಆಡಿಸಿದ. ಒಂದೆರಡು ಕಡೆ ಗೆರೆ ಹೊರಗೆ ಸರಿದಿದೆ, ಗೊತ್ತಿದ್ದವರಿಗಷ್ಟೇ ಕಾಣುತ್ತದೆ.

ಹೊಳಪು ತರುವುದಕ್ಕಿಂತ ಅದನ್ನು ಉಳಿಸುವುದೇ ದೊಡ್ಡ ಕೆಲಸ. "ಇನ್ನೆರಡು ಸಲ ತಿಕ್ಕಬಹುದು. ಮೂರನೇದಕ್ಕ ಒಳಗಿನ ಗಾಜಿನ ಜಾಳಗಿ ಕಾಣತೈತಿ" ಎಂದು ಮಾಮಾ ಲೆಕ್ಕ ಹೇಳಿದ್ದ. ಅರ್ಧ ಮಿಲಿಮೀಟರಿನ ಬಂಡವಾಳದಿಂದ ತೆಗೆಯುವುದುಂಟೇ ಹೊರತು ಮರಳಿ ಹಾಕುವುದಿಲ್ಲ. ಅದಕ್ಕಾಗಿ ಮೇಣ. ಅಂಗಡಿಯಿಂದ ತಂದ ಡಬ್ಬಿಯ ಮೇಲೆ ಕಾರ್ನೋಬಾ ಎಂದಿತ್ತು. ಬ್ರೆಜಿಲ್ ದೇಶದ ಒಂದು ತಾಳೆಯ ಜಾತಿಯ ಮರ ತನ್ನ ಎಲೆಯ ನೀರು ಆರದಂತೆ ಮೇಲೆ ಬಳಿದುಕೊಳ್ಳುವ ಮೇಣವಂತೆ ಅದು. ನಮ್ಮ ಚನ್ನಪಟ್ಟಣದವರು ತಿರುಗುವ ಬೊಂಬೆಗೆ ಅರಗು ಒತ್ತಿ ತಾಳೆ ಗರಿಯಿಂದ ತೀಡಿ ಮಿರುಗು ಬರಿಸುವುದು ನೆನಪಾಯಿತು. ತೆಳ್ಳಗೆ ಎರಡು ಸಲ ಹಚ್ಚಿ, ಪ್ರತಿ ಸಲವೂ ಮಂಜಿನಂತೆ ಆರಲು ಬಿಟ್ಟು ಒರೆಸಿದೆವು. ಆದರೆ ಮೇಣವೂ ಶಾಶ್ವತವಲ್ಲ. ಮಳೆ, ಸಾಬೂನು, ಬಿಸಿಲು ಕೆಲವು ತಿಂಗಳಲ್ಲಿ ಅದನ್ನು ತಿಂದುಹಾಕುತ್ತವೆ.

ಆದುದರಿಂದ ಹೊದಿಕೆ ಬೇಕು. ನಮ್ಮ ಹಿರಿಯರು ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗಿ, ಗುಡ್ಡದ ಬಯಲಲ್ಲಿ ಗಾಡಿಯ ಕೆಳಗೇ ಮಲಗಿ ಬರುತ್ತಿದ್ದರು. ಮರಳಿದ ಮೇಲೆ ಆ ಚಕ್ಕಡಿ ಛಪ್ಪರದ ಕೆಳಗೆ ನಿಲ್ಲುತ್ತಿತ್ತು. ತೇರಿಗೂ ಊರು ತಗಡಿನ ಮನೆ ಕಟ್ಟಿರುತ್ತದೆ. ಪೇಟೆಯ ಗಾಡಿಗೆ ಮಾತ್ರ ಬಯಲೇ ಗತಿ. ನೀಲಿ ತಾಡಪತ್ರಿಯನ್ನೇ ಹೊದಿಸಿದರೆ ಗಾಳಿಗೆ ಬಡಿದು ಮೈಯೆಲ್ಲ ಗೀರಾಗುತ್ತದೆ, ಒಳಗೆ ಬೆವರು ನಿಲ್ಲುತ್ತದೆ. ಇದಕ್ಕೆ ಉಪಾಯ ಹುಡುಕಿದವಳು ಅವ್ವ. ಹಳೆಯ ಸೀರೆಗಳನ್ನು ಕೂಡಿಸಿ ಗಾಡಿಯ ಅಳತೆಗೆ ಒಂದು ಕೌದಿ ಹೊಲಿದಳು. ಈಗ ಒಳಗೆ ಕೌದಿ, ಮಳೆ ಬಂದರಷ್ಟೇ ಮೇಲೆ ತಾಡಪತ್ರಿ. ಗಾಡಿಯ ಮೈ ಒಣಗಿದ ಮೇಲೆಯೇ ಹೊದಿಕೆ. ಮಧ್ಯಾಹ್ನದ ಬಿಸಿಲು ತಾಗುವ ಪಡುವಣ ಮಗ್ಗುಲೇ ಹೆಚ್ಚು ಬಿಳಿಚಿದ್ದರಿಂದ, ತಿಂಗಳಿಗೊಮ್ಮೆ ಗಾಡಿಯ ಮುಖ ತಿರುಗಿಸಿ ನಿಲ್ಲಿಸುತ್ತೇವೆ. ಹಕ್ಕಿಯ ಹಿಕ್ಕೆ ಬಿದ್ದರೆ ಆಗಿಂದಾಗ ತೊಳೆಯುವುದು ನನ್ನ ಪಾಲಿನ ಕೆಲಸ.

ಒಟ್ಟು ಖರ್ಚು ಸಾವಿರದ ನೂರು ರೂಪಾಯಿ; ಮಾಮಾನ ಬೀಡಿ, ಚಹ ಬೇರೆ. ಜಾತ್ರೆಯಲ್ಲಿ ಒಬ್ಬ ಮುದುಕಿ ಗಿರ್ಮಿಟ್ ತಿನ್ನುತ್ತ, "ಹೊಸಾ ಗಾಡಿ ತೊಗೊಂಡ್ಯೇನ ಯವ್ವಾ?" ಎಂದು ಕೇಳಿದಳು. ಅವ್ವ ಸೌಟಿನಿಂದ ಅಕ್ಷರಗಳ ಕಡೆ ತೋರಿಸಿ, "ಹಳೇದಾ ಐತ್ರೀ. ಅದು ನಮ್ಮಣ್ಣನ ಕೈ" ಎಂದಳು. ಮಾಮಾ ಹಿಂದೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಪಕ್ಕದ ಹಳದಿ ಗಾಡಿಯವರು ಮರುದಿನ ಬಂದು ಆ ಮೇಣ ಎಲ್ಲಿ ಸಿಗುತ್ತದೆಂದು ವಿಚಾರಿಸಿದರು. ಅಂಗಡಿಯ ವಿಳಾಸ ಹೇಳಿದೆ. ಕೌದಿಯ ಮಾತನ್ನೂ ಹೇಳಿದೆ.

ಮುಂಗಾರಿಗೆ ಮೊದಲು ಇನ್ನೊಂದು ಸಲ ಮೇಣ ಹಚ್ಚಬೇಕು. ನಮ್ಮ ಕೊನೆಯ ಪರೀಕ್ಷೆ ಮುಗಿಯುವುದೂ ಅದೇ ಸುಮಾರಿಗೆ. ಡಬ್ಬಿಯಲ್ಲಿ ಅರ್ಧ ಮೇಣ ಉಳಿದಿದೆ.